ಹಬ್ಬದ ಮೇಜಿಗೆ ಯಾವ ಬಣ್ಣ?

ಕ್ರಿಸ್ತಜಯಂತಿಯ ಊಟದ ಮೇಜಿಗೆ ಯಾವ ಬಣ್ಣದ ಬಟ್ಟೆ ಹಾಸುವಿರಿ? ಅಂಗಡಿಗಳು ಕೆಂಪು, ಹಸಿರು ಎನ್ನುತ್ತವೆ, ತಪ್ಪೇನಿಲ್ಲ. ಆದರೆ ಬಲಿಪೀಠದ ಕಡೆಗೊಮ್ಮೆ ನೋಡಿ. ಆಗಮನ ಕಾಲವೆಲ್ಲ ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿಯೂ ಸಲ್ಲುತ್ತದೆ. ಡಿಸೆಂಬರ್ 24ರ ರಾತ್ರಿ ಬಿಳಿ ಅಥವಾ ಹೊನ್ನಿನ ಬಣ್ಣ. ಕೆಂಪು ಬರುವುದು 26ರಂದು, ರಕ್ತಸಾಕ್ಷಿ ಸಂತ ಸ್ತೇಫನರಿಗೆ. ಅಂಗಡಿಯ ಕೆಂಪಿಗೆ ತುಸು ಅವಸರ!

"ಈ ವರ್ಷ ಮನೆಯಲ್ಲಿ ಸಾವಾಗಿದೆ, ಅಲಂಕಾರ ಬೇಡ" ಎನ್ನುವವರಿದ್ದೀರಿ. ನಮ್ಮ ನಾಡಿನಲ್ಲಿ ಬಿಳಿ ಶೋಕದ ಬಣ್ಣ. ಧರ್ಮಸಭೆಯಲ್ಲಿ ಅದು ಯೇಸುವಿನ ಜನನದ, ಪುನರುತ್ಥಾನದ ಬಣ್ಣ. ಮೃತರ ಬಲಿಪೂಜೆಗೂ ಗುರುಗಳು ಅದನ್ನೇ ಧರಿಸುವುದುಂಟು. ಆದುದರಿಂದ ಮನೆಯಲ್ಲಿರುವ ಬಿಳಿ ಪಂಚೆಯನ್ನೇ ಒಗೆದು ಹಾಸಿರಿ. ಅಗಲಿದವರ ಕುರ್ಚಿಯನ್ನು ಎತ್ತಿಡಬೇಡಿ. ನೆರೆಮನೆಯ ಒಂಟಿ ಹಿರಿಯರೊಬ್ಬರನ್ನು ಅಲ್ಲಿಗೆ ಕರೆಯಿರಿ.