ಮಿಥ್ಯಾಪವಾದ ಮತ್ತು ಸ್ಯಮಂತಕೋಪಾಖ್ಯಾನ

ಭಾದ್ರಪದ ಶುದ್ಧ ಚೌತಿಯಂದು ಚಂದ್ರನನ್ನು ಕಂಡವರು ದೋಷಪರಿಹಾರಕ್ಕೆಂದು ಸ್ಯಮಂತಕೋಪಾಖ್ಯಾನವನ್ನು ಕೇಳುವುದುಂಟು. ಅಪವಾದ ಬಂದೇಬಿಟ್ಟಾಗ ಮಾಡಬೇಕಾದುದೇನೆಂಬುದೂ ಅಲ್ಲಿಯೇ ಇದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಸನತ್‌ನಗರದ ಕಾರ್ಖಾನೆಯೊಂದರ ಉಗ್ರಾಣವನ್ನು ನೋಡಿಕೊಳ್ಳುವ ಆಸ್ತಿಕರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ತಾಮ್ರದ ತಂತಿ ಕಡಿಮೆ ಬಂದುದಕ್ಕೆ ಯಜಮಾನರು ಇವರನ್ನೇ ಕಳ್ಳನೆಂದರಂತೆ. “ರಾಯರೇ ನೋಡಿಕೊಳ್ಳಲಿ, ರಾಜೀನಾಮೆ ಕೊಟ್ಟು ಊರಿಗೆ ಹೋಗುತ್ತೇನೆ” ಎಂದರು.

ಭಾಗವತದ ದಶಮಸ್ಕಂಧದಲ್ಲಿ ಶ್ರೀಕೃಷ್ಣನು ದ್ವಾರಕೆಯನ್ನು ಬಿಟ್ಟು ಹೋಗಲಿಲ್ಲ. ಸತ್ರಾಜಿತನ ಆರೋಪವು ಕಿವಿಯಿಂದ ಕಿವಿಗೆ ಹಬ್ಬಿದೊಡನೆ, ಸರ್ವದೋಷದೂರನಾದ ಸ್ವಾಮಿಯು ಪುರಜನರನ್ನೇ ಜೊತೆಗೆ ಕರೆದುಕೊಂಡು ಪ್ರಸೇನನ ಜಾಡು ಹಿಡಿದನು. ಸತ್ತ ಪ್ರಸೇನ, ಸತ್ತ ಕುದುರೆ, ಸತ್ತ ಸಿಂಹ, ಕರಡಿಯ ಗುಹೆ, ಎಲ್ಲವನ್ನೂ ಅವರು ಕಣ್ಣಾರೆ ಕಂಡರು. ಜಾಂಬವಂತನೊಡನೆ 28 ದಿನ ಹೋರಾಡಿ ಪಡೆದ ಮಣಿಯನ್ನು ಗುಟ್ಟಾಗಿ ಹಿಂದಿರುಗಿಸಲಿಲ್ಲ. ಸತ್ರಾಜಿತನನ್ನು ರಾಜಸಭೆಗೇ ಕರೆಸಿ, ನಡೆದುದನ್ನು ತಿಳಿಸಿ, ಒಪ್ಪಿಸಿದನು. ಮುಂದೆ ಅಣ್ಣನಾದ ಬಲರಾಮನೇ ಶಂಕಿಸಿದಾಗಲೂ, ಅಕ್ರೂರನ ಬಳಿಯಿದ್ದ ಮಣಿಯನ್ನು ಬಂಧುಗಳ ಮುಂದೆ ತೋರಿಸುವಂತೆ ಮಾಡಿದನು. ಭಗವಂತನಿಗೇ ಎರಡು ಬಾರಿ!

ರೈಲ್ವೆಯ 1968ರ ಶಿಸ್ತು ನಿಯಮಗಳಲ್ಲಿ ಆರೋಪಪತ್ರಕ್ಕೆ ಲಿಖಿತ ಉತ್ತರ ಕೊಡಲು 10 ದಿನಗಳ ಅವಕಾಶವುಂಟು. ಆ ದಿನಗಳನ್ನು ಅಳುತ್ತಲೇ ಕಳೆದ ನಿರಪರಾಧಿಗಳನ್ನು ನಾವು ಕಂಡಿದ್ದೇವೆ. ಖಾಸಗಿ ಕಾರ್ಖಾನೆಗೆ ಆ ನಿಯಮ ತಗಲದು. ಆದರೂ ಆರೋಪವನ್ನು ಬರಹದಲ್ಲಿ ಕೇಳಿರಿ, ದಾಸ್ತಾನು ಪುಸ್ತಕ ಮತ್ತು ಗೇಟ್ ಪಾಸುಗಳನ್ನು ಎಲ್ಲರೆದುರು ತೆಗೆಸಿರಿ, ಓದದೆ ಸಹಿ ಹಾಕಬೇಡಿರಿ, ಈಗ ರಾಜೀನಾಮೆ ಕೊಟ್ಟರೆ ತಪ್ಪೊಪ್ಪಿದಂತೆಯೇ ಕಾಣುವುದು ಎಂದೆವು.

ಅವರು ಬರೆದು ತಂದಿದ್ದ ರಾಜೀನಾಮೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಮೊದಲು ಒಂದು ಬಿಳಿ ಹಾಳೆ ಕೇಳಿದರು.