ಸಂಭವಿಸದ ಹಿಂಸೆಯ ಸ್ಮರಣೆ

ಗೃಹಸ್ಥನೊಬ್ಬನು ದೇಹತ್ಯಾಗ ಮಾಡಿದ ಮೇಲೆ ಬಸದಿಯ ಗೋಡೆಯಲ್ಲಿ ಅಮೃತಶಿಲೆಯ ಫಲಕವೊಂದನ್ನು ಕೂರಿಸುವ ಪದ್ಧತಿ ಈಚೆಗೆ ಬಹಳ ಬೆಳೆದಿದೆ. ಹೆಸರು, ಜನನ ಮರಣಗಳ ದಿನಾಂಕ, ಕೊಟ್ಟ ದಾನದ ಮೊತ್ತ. ಸ್ಥಳ ಉಳಿದರೆ ‘ಧರ್ಮಾನುರಾಗಿ’, ‘ಸರಳ ಸಜ್ಜನ’ ಎಂಬ ಎರಡು ವಿಶೇಷಣಗಳು. ಹೊಲ, ಬೇಳೆಯ ಮಿಲ್ಲು, ಬಟ್ಟೆಯಂಗಡಿಗಳಲ್ಲಿ ಬಾಳಿದವರಿಗೆ ಇಷ್ಟು ಸಾಕಾಗುತ್ತದೆಯೋ ಏನೋ. ಆದರೆ ವಿಮಾನದ ಪೈಲಟ್ ಆಗಿ ದುಡಿದು, ನಿವೃತ್ತನಾಗಿ, ಮಡದಿ ಮಕ್ಕಳ ನಡುವೆ ಕಣ್ಮುಚ್ಚಿದ ಶ್ರಾವಕನ ವಿಷಯದಲ್ಲಿ ಏನನ್ನು ಬರೆಯಬೇಕು?

ಪ್ರಶ್ನೆ ದೂರದ್ದೆಂದು ತೋರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಗೆ ಆಕಾಶಮಾರ್ಗ ಅಷ್ಟೇನೂ ಅಪರಿಚಿತವಲ್ಲ. ಈ ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, 1945ರಲ್ಲಿ, ಹೈದರಾಬಾದಿನಲ್ಲಿ ಡೆಕ್ಕನ್ ಏರ್‌ವೇಸ್ ಸ್ಥಾಪನೆಯಾಯಿತು. ಬೇರೆ ಸಂಸ್ಥೆಗಳು ಒಲ್ಲೆನೆಂದ ಪ್ರೇಮ್ ಮಾಥುರ್ ಎಂಬ ಮಹಿಳೆಗೆ ಪೈಲಟ್ ಕೆಲಸ ಕೊಟ್ಟ ಸಂಸ್ಥೆ ಅದು. 1953ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. 2019ರ ನವೆಂಬರಿನಲ್ಲಿ ಕಲಬುರಗಿಯಲ್ಲಿಯೇ ವಿಮಾನ ನಿಲ್ದಾಣ ತೆರೆಯಿತು. ಮನೆಯ ಮಕ್ಕಳು ಆ ವೃತ್ತಿಯ ಮಾತೆತ್ತುವ ಕಾಲ ಇದು.

ಧರ್ಮದ ದೃಷ್ಟಿಯಿಂದ ತೊಡಕು ಇರುವುದು ದಿಗ್ವ್ರತದಲ್ಲಿ. ಐದು ಅಣುವ್ರತಗಳ ಅನಂತರ ಬರುವ ಮೊದಲ ಗುಣವ್ರತ ಇದು. ಇಂಥ ದಿಕ್ಕಿನಲ್ಲಿ ಇಷ್ಟೇ ದೂರ ಹೋಗುವೆನೆಂದು ಗೃಹಸ್ಥನು ಬಾಳಿಡೀ ನಡೆಸುವ ಎಲ್ಲೆ ಹಾಕಿಕೊಳ್ಳಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮುದ್ರ, ನದಿ, ಅಡವಿ, ಪರ್ವತಗಳನ್ನು ಎಲ್ಲೆಯ ಗುರುತುಗಳೆಂದು ಹೇಳುತ್ತದೆ. ಹಿಂದಿನ ಕಾಲದ ಸೇಡಂನ ವರ್ತಕನೊಬ್ಬ ಉತ್ತರಕ್ಕೆ ಚಿಂಚೋಳಿಯ ಕಾಡು, ಪಶ್ಚಿಮಕ್ಕೆ ಭೀಮಾನದಿ ಎಂದು ನಿಯಮ ಮಾಡಿಕೊಂಡನೆನ್ನೋಣ. ಆ ಎಲ್ಲೆಯಾಚೆಯ ಸಕಲ ಜೀವಿಗಳಿಗೂ ಅವನ ಕಡೆಯಿಂದ ಅಭಯ ದೊರೆಯಿತು. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮೀರುವುದನ್ನು ಬೇರೆಬೇರೆಯಾಗಿ ಹೇಳಿದೆ. ಮೇಲಕ್ಕೆ ಮೀರುವುದೆಂದರೆ ಬೆಟ್ಟ ಮುಂತಾದುವನ್ನು ಏರುವುದು, ಕೆಳಕ್ಕೆ ಎಂದರೆ ಬಾವಿಗಿಳಿಯುವುದು ಎಂದು ಪೂಜ್ಯಪಾದರು ಬಿಡಿಸಿದರು. ಮೂವತ್ತೈದು ಸಾವಿರ ಅಡಿಯ ಎತ್ತರ ಅವರ ಎಣಿಕೆಗೆ ಬಂದಿರಲಾರದು.

ಪೈಲಟ್ಟಿಗೂ ಎಲ್ಲೆಗಳಿವೆ, ಗೊತ್ತುಪಡಿಸಿದ ಎತ್ತರವನ್ನು ಅಪ್ಪಣೆಯಿಲ್ಲದೆ ಅವನು ಮೀರುವಂತಿಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲದು. ಹೊರಗಿನ ಆಜ್ಞೆಗೆ ಮಣಿಯುವುದು ಶಿಸ್ತು. ವ್ರತವು ಒಳಗಿನಿಂದ ಹುಟ್ಟಬೇಕು. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನು ಅರುವತ್ತು ವರ್ಷಗಳಿಗೂ ಮಿಕ್ಕಿದ ಆಳ್ವಿಕೆಯ ಬಳಿಕ ವಿವೇಕದಿಂದ ರಾಜ್ಯ ತೊರೆದನೆಂದು ಪ್ರಶ್ನೋತ್ತರರತ್ನಮಾಲಿಕೆ ತಿಳಿಸುತ್ತದೆ. ಅರುವತ್ತೈದು ತುಂಬಿತೆಂದು ನಿಯಮವೇ ಕೆಳಗಿಳಿಸಿದ ಪೈಲಟ್‌ನನ್ನು ಅವನ ಸಾಲಿನಲ್ಲಿ ನಿಲ್ಲಿಸುವುದು ಮುಖಸ್ತುತಿಯಾದೀತು. ನಿವೃತ್ತಿ ಬೇರೆ, ತ್ಯಾಗ ಬೇರೆ.

ಇನ್ನು ಪಕ್ಷಿಗಳ ವಿಚಾರ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೆದ್ದ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ನುಗಳು ಶಕ್ತಿ ಕಳೆದುಕೊಂಡವು. ಚೆಸ್ಲಿ ಸಲನ್‌ಬರ್ಗರ್ ಎಂಬ ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಮಂದಿಯೂ ಬದುಕಿದರು. ಮರುವರ್ಷ ಅವರು ನಿವೃತ್ತರಾದರು. ಜಗತ್ತು ಅವರನ್ನು ನೆನೆಯುವುದು ಆ ಕೆಲವೇ ನಿಮಿಷಗಳಿಗಾಗಿ. ಅನಂತರದ ಕಥೆಯನ್ನು ಹೆಚ್ಚಿನವರು ಕೇಳಿಲ್ಲ: ಮುಂದಿನ ವರ್ಷಗಳಲ್ಲಿ ಆ ನಗರದ ನಿಲ್ದಾಣಗಳ ಸುತ್ತ ಹೆಬ್ಬಾತುಗಳನ್ನು ಸಾವಿರಗಟ್ಟಲೆ ಹಿಡಿದು ಕೊಂದರು. ಆಗಸದಲ್ಲಿ ಬಡಿದ ಹಕ್ಕಿಗಳ ಸಾವು ಉದ್ಯೋಗಿ ಹಿಂಸೆ, ಗೃಹಸ್ಥನ ದುಡಿಮೆಗೆ ಅಂಟಿ ಬರುವಂಥದು. ಹಿಡಿದು ಕೊಂದದ್ದು ಸಂಕಲ್ಪ ಮಾಡಿ ನಡೆಸಿದ್ದು. ಅದನ್ನೂ ಸುರಕ್ಷತೆಯ ಹೆಸರಿನಲ್ಲಿ ಮೊದಲಿನದರೊಡನೆ ಸೇರಿಸಿಬಿಡಲು ಜೈನರಿಗೆ ಬರುವುದಿಲ್ಲ. ಚಾಲಕನೇನೋ ಆ ಎರಡನೆಯದಕ್ಕೆ ಹೊಣೆಯಲ್ಲ. ಆದರೂ ಬಡಿದ ಒಂದು ಹಕ್ಕಿಗಾಗಿ ರಾತ್ರಿ ಪ್ರತಿಕ್ರಮಣದಲ್ಲಿ ಮನಸ್ಸು ನೋಯದಿದ್ದರೆ ಅವನು ಶ್ರಾವಕನೆನಿಸುವುದು ಹೇಗೆ?

ಹಾಗಾದರೆ ಈ ವೃತ್ತಿಯಲ್ಲಿ ಧರ್ಮಕ್ಕೆ ನೆಲೆ ಎಲ್ಲಿದೆ? ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹಾನಿಯನ್ನು ಹೇಳಿ ಸುಮ್ಮನಾಗಲಿಲ್ಲ, ಅದರ ಮುಂದೆ ‘ಪ್ರಮತ್ತಯೋಗ’ವನ್ನು ಇಟ್ಟರು. ಎಚ್ಚರ ತಪ್ಪಿದ ಮನ, ವಚನ, ಕಾಯಗಳೇ ಹಿಂಸೆಯ ಬೇರು. ಈ ಮಾತಿನ ಅರ್ಥ ಕರ್ನಾಟಕದಲ್ಲೇ ಕಣ್ಣಿಗೆ ಕಟ್ಟಿದ್ದುಂಟು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಮಡಿದರು, ಎಂಟು ಜನ ಉಳಿದರು. ಮುಖ್ಯ ಪೈಲಟ್ ದಾರಿಯಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿದ್ದರೆಂದೂ, ಇಳಿಯುವಾಗ ಕಿರಿಯ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದು, ಎಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಹೇಳಿದರೂ ಅದು ನಡೆಯಲಿಲ್ಲವೆಂದೂ ತನಿಖೆ ತಿಳಿಸಿತು. ಇಬ್ಬರೂ ಅಂದೇ ಅಳಿದರು. ಅಳಿದವರನ್ನು ದೂಷಿಸುವುದು ಯೋಗ್ಯವಲ್ಲ. ಆದರೆ ಕಿರಿಯನ ಮಾತಿಗೆ ಕಿವಿಗೊಟ್ಟು ಹಿಂದೆ ಸರಿಯುವ ಆ ಕ್ಷಣವೇ ಈ ವೃತ್ತಿಯ ವ್ರತಸ್ಥಾನ. ಅಲ್ಲಿ ಮಾನಕಷಾಯ ಗೆದ್ದರೆ ನೂರಾರು ಪ್ರಾಣ ಹೋಗುತ್ತದೆ; ಸೋತರೆ ಪ್ರಯಾಣಿಕರು ಹತ್ತು ನಿಮಿಷ ತಡವಾಯಿತೆಂದು ಗೊಣಗುತ್ತಾರೆ.

ಮಾನವನ್ನು ಗೆದ್ದವನಿಗೆ ಗೊಣಗಾಟ ಬಿಟ್ಟು ಬೇರೆ ಸಾಕ್ಷಿಯಿಲ್ಲ. ಪ್ರತಿಸಲವೂ ಅದೇ ಪಟ್ಟಿಯನ್ನು ಮೊದಲ ಸಲವೆಂಬಂತೆ ಓದಿ, ಹಾರಾಟಕ್ಕೆ ಮುಂಚಿನ ಹನ್ನೆರಡು ಗಂಟೆ ಮದ್ಯ ಮುಟ್ಟಬಾರದೆಂಬ ನಿಯಮ ಶ್ರಾವಕನಾದ ತನಗೆ ಎಂದಿಗೂ ಮುಟ್ಟದಿರುವ ನಿಯಮವಾಗಿ, ಮೂವತ್ತು ವರ್ಷ ಹಾರಿ ಮನೆಗೆ ಬಂದವನ ಚರಿತ್ರೆಯಲ್ಲಿ ಹೇಳಲು ಏನೂ ಇರುವುದಿಲ್ಲ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತೆಂದು ಪುಸ್ತಕಗಳು ಬರೆದಿವೆ. ಅಂದಿನಿಂದ ಅಲ್ಲಿ ಹಳಿ ಕೂಡಿಸುವ ಕೆಲಸವನ್ನು ರಾತ್ರಿಯಿಡೀ ಎಚ್ಚರದಿಂದ ಮಾಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಅವರಿಂದಾಗಿ ಏನೂ ನಡೆಯಲಿಲ್ಲ. ಅಹಿಂಸೆಯ ಸ್ವರೂಪವೇ ಬಹುಮಟ್ಟಿಗೆ ಇಂಥದು. ದಾನವನ್ನು ರೂಪಾಯಿಯಲ್ಲಿ ಕಾಣಿಸಬಹುದು, ತಪಸ್ಸನ್ನು ಉಪವಾಸದ ದಿನಗಳಲ್ಲಿ ಕಾಣಿಸಬಹುದು. ಆಗದೆ ಉಳಿದ ಹಾನಿಯನ್ನು ಯಾವ ಅಂಕಿಯಲ್ಲಿ ಬರೆಯುವುದು?

ಇಷ್ಟಾಗಿ ಪೈಲಟ್‌ನ ಎಚ್ಚರಕ್ಕೆ ಬೆಲೆ ತೆತ್ತವರು ಮನೆಯಲ್ಲಿದ್ದಾರೆ. ಕೆಲಸದ ಪಾಳಿಪಟ್ಟಿಗೆ ದಶಲಕ್ಷಣ ಪರ್ವ ತಿಳಿಯದು. ಪಾರಣೆಯ ದಿನ ಗಂಡ ಬೇರೆ ದೇಶದಲ್ಲಿ, ಹೆಂಡತಿ ಅತ್ತೆ ಮಾವ ಮಕ್ಕಳೊಡನೆ ಇಲ್ಲಿ. ಗುಡುಗು ಸಿಡಿಲಿನ ರಾತ್ರಿ ಅವಳು ಮಕ್ಕಳೆದುರು ಮುಖ ಬಾಡಿಸದೆ ಕುಳಿತದ್ದು ಎಷ್ಟು ಸಲವೋ. ರಾತ್ರಿಭೋಜನ ತ್ಯಾಗದ ವಿಷಯವೂ ಸುಲಭವಲ್ಲ: ಪಶ್ಚಿಮಕ್ಕೆ ಹಾರುವವನಿಗೆ ಸೂರ್ಯ ಬೇಗ ಮುಳುಗುವುದೇ ಇಲ್ಲ. ಯಾವ ಊರಿನ ಅಸ್ತಮಾನವನ್ನು ಹಿಡಿಯಬೇಕು? ಸಂದೇಹವಿರುವಲ್ಲಿ ಮೊದಲು ಬರುವ ಅಸ್ತಮಾನವೇ, ಮನೆಯವರು ಊಟ ಮುಗಿಸಿದ ಹೊತ್ತೇ, ತನ್ನದೆಂದು ತಿಳಿಯುವುದು ವ್ರತಕ್ಕೂ ಸಂಸಾರಕ್ಕೂ ಒಪ್ಪುವ ಮಾತು.

ನಿವೃತ್ತಿಯ ಅನಂತರ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ‘ಕ್ಯಾಪ್ಟನ್’ ಎಂಬ ಹೆಸರು ಹೊಲ ಮನೆಗಳಿಗಿಂತ ಬಿಗಿಯಾಗಿ ಅಂಟುವ ಪರಿಗ್ರಹ. ಮನೆಯವರಿಗೆ ಅಪ್ಪಣೆ ಕೊಡುವುದನ್ನು ಬಿಟ್ಟು, ಸೊಸೆ ಮೊಮ್ಮಕ್ಕಳ ಮಾತಿಗೂ ಅಂದಿನ ಕಿರಿಯ ಪೈಲಟ್‌ನ ಮಾತಿಗೆ ಕೊಟ್ಟಷ್ಟೇ ಕಿವಿಗೊಟ್ಟವನು, ನಿಯಮ ಕಸಿದುಕೊಳ್ಳದ ಏನನ್ನೋ ತಾನಾಗಿ ಬಿಟ್ಟನೆಂದು ಹೇಳಬಹುದು. ಬೇಕಿದ್ದರೆ ಆಗಲೂ ದಿಗ್ವ್ರತ ಕೈಗೊಳ್ಳಲು ಅಡ್ಡಿಯಿಲ್ಲ. ಭೂಮಿಯ ಅರ್ಧವನ್ನು ಸುತ್ತಿಬಂದವನು ಕಾಗಿಣಾ ನದಿಯ ದಂಡೆಯ ಮಳಖೇಡದ ನೇಮಿನಾಥ ಬಸದಿಯನ್ನು ತನ್ನ ಎಲ್ಲೆ ಮಾಡಿಕೊಂಡರೆ, ತಾನು ಬಿಡುತ್ತಿರುವುದು ಎಷ್ಟೆಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮತ್ತೆ ಫಲಕದ ಮಾತು. ಇಲ್ಲದ ಗುಣವನ್ನು ತನ್ನಲ್ಲಿ ಸಾರಿಕೊಳ್ಳುವುದೂ, ಪರರಲ್ಲಿರುವ ಗುಣವನ್ನು ಮುಚ್ಚುವುದೂ ನೀಚಗೋತ್ರದ ಬಂಧಕ್ಕೆ ಕಾರಣವೆನ್ನುತ್ತದೆ ಶಾಸ್ತ್ರ. ತಂದೆಯ ಫಲಕದಲ್ಲಿ ಮಕ್ಕಳು ಬರೆಸುವ ಅತಿಸ್ತುತಿ ಒಂದು ಬಗೆಯಲ್ಲಿ ಆತ್ಮಸ್ತುತಿಯೇ. ಪೂರ್ವಿಕರು ಈ ವಿಷಯದಲ್ಲಿ ಸಂಕೋಚಪಡಲಿಲ್ಲ. ಮಾನ್ಯಖೇಟವನ್ನು ಕಳೆದುಕೊಂಡ ರಾಷ್ಟ್ರಕೂಟ ವಂಶದ ನಾಲ್ಮಡಿ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಮುಡಿಪಿದಾಗ, ಅವನ ಶಾಸನವು ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತರಿಸಿ ಹೇಳಿತು. ಅವನು ಬಲ್ಲ ವಿದ್ಯೆ ಅದು, ಹೇಳಿದರು. ಅದಕ್ಕೂ ಎಷ್ಟೋ ಶತಮಾನ ಮುಂಚೆ, ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ, ಸತ್ತವರ ನೆನಪಿಗೆ ಸುಣ್ಣಕಲ್ಲಿನಲ್ಲಿ ದಂಪತಿಗಳನ್ನೂ ಎತ್ತಿನ ಬಂಡಿಯನ್ನೂ ಕೊರೆದರು.

ಪೈಲಟ್‌ನ ಫಲಕಕ್ಕೂ ಶಹಾಬಾದಿನ ಕಲ್ಲು ಸಾಕು. ಅವನ ಹೆಸರು, ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೆಂಡತಿಯ ಹೆಸರು, ಹಾರಿದ ವರ್ಷಗಳು. ಅದರ ಕೆಳಗೆ, ನಿಜವಾಗಿದ್ದರೆ ಮಾತ್ರ, ಒಂದು ಸಾಲು: ಇವನ ಸಂಗಡ ಏರಿದವರೆಲ್ಲರೂ ಇಳಿದು ತಮ್ಮ ಮನೆಗಳಿಗೆ ಹೋದರು.