ಸಾಕೆಂಬುದರ ಸ್ವಾತಂತ್ರ್ಯ

ಮನುಷ್ಯನು ಧನವನ್ನು ಬಯಸುವುದು ಕೇವಲ ಧನಕ್ಕಾಗಿ ಅಲ್ಲ. ಅದರಿಂದ ದೊರೆಯುವುದೆಂದು ಅವನು ನಂಬಿರುವ ಸ್ವಾತಂತ್ರ್ಯಕ್ಕಾಗಿ. ಪರರ ಮುಂದೆ ಕೈಯೊಡ್ಡದಿರಬೇಕು, ಮಕ್ಕಳ ಹಸಿವಿಗೆ ಅಂಜದಿರಬೇಕು, ನಿಜವನ್ನಾಡಿದರೆ ಅನ್ನ ಹೋದೀತೆಂಬ ಭಯವಿರಬಾರದು. ಇವೇ ಸಂಪಾದನೆಯ ಮೂಲದಲ್ಲಿರುವ ಬಯಕೆಗಳು. ಇವುಗಳಲ್ಲಿ ದೋಷವೇನೂ ಇಲ್ಲ. ಆದರೆ ಲೋಕಾನುಭವವು ಬೇರೊಂದನ್ನು ಹೇಳುತ್ತದೆ. ಗಳಿಕೆ ಬೆಳೆದಂತೆ ಅಂಜಿಕೆಯೂ ಬೆಳೆಯುತ್ತದೆ. ಹತ್ತು ಚೀಲದ ಒಡೆಯನು ಹತ್ತು ಚೀಲಕ್ಕೆ ಅಂಜಿದರೆ ಸಾವಿರ ಚೀಲದ ಒಡೆಯನು ಸಾವಿರಕ್ಕೂ ಅಂಜುತ್ತಾನೆ. ಸ್ವಾತಂತ್ರ್ಯಕ್ಕೆಂದು ಕಟ್ಟಿದ ಮನೆಯೇ ಸೆರೆಮನೆಯಾಗುವ ಈ ವಿಪರ್ಯಾಸವನ್ನು ಶಿವಶರಣರು ಎಂಟುನೂರು ವರ್ಷಗಳ ಹಿಂದೆಯೇ ಕಂಡುಕೊಂಡರು. ಕಂಡು ಸುಮ್ಮನಾಗದೆ, ಅದರಿಂದ ಬಿಡುಗಡೆಯಾದ ಬಾಳನ್ನು ಬಾಳಿ ತೋರಿದರು.

ಕಲಬುರಗಿಯು ಇಂದು ಐದು ಲಕ್ಷಕ್ಕೂ ಮಿಕ್ಕ ಜನರಿರುವ ಪಟ್ಟಣ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗಂಡಾಗ ಹಿಂದುಳಿದ ಸೀಮೆಯೆನಿಸಿದ್ದ ಈ ನಾಡಿಗೆ 1980ರಲ್ಲಿ ವಿಶ್ವವಿದ್ಯಾಲಯ ಬಂದಿತು. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಬಂದಿತು. 2019ರಲ್ಲಿ ವಿಮಾನನಿಲ್ದಾಣವೂ ತೆರೆಯಿತು. ತೊಗರಿಯ ಕಣಜವೆಂದು ಹೆಸರಾದ ಊರಿನ ಗಂಜಿನಲ್ಲಿ ಚೀಲಗಳ ರಾಶಿ, ದರದ ಕೂಗು, ಲಾರಿಗಳ ಸಾಲು. ಅಲ್ಲಿಂದ ಹುಮನಾಬಾದಿನ ದಾರಿ ಹಿಡಿದು ನಲವತ್ತು ಕಿಲೋಮೀಟರಿಗೆ ಒಳಗೆಯೇ ಕಮಲಾಪುರ. ಈಗ ತಾಲ್ಲೂಕಿನ ಕೇಂದ್ರವಾಗಿರುವ ಆ ಊರು ಕೆಂಪು ಬಾಳೆಗೆ ಪ್ರಸಿದ್ಧವಾದುದು. ಅದೇ ದಾರಿಯಲ್ಲಿ ಮುಂದೆ ಸಾಗಿದವನು ಬಸವಕಲ್ಯಾಣವನ್ನು ಸೇರುತ್ತಾನೆ. ಹೀಗೆ ಒಂದೇ ದಾರಿಯ ಮೇಲೆ ಪೇಟೆಯೂ ಇದೆ, ತೋಟವೂ ಇದೆ, ಶರಣರ ಕಲ್ಯಾಣವೂ ಇದೆ.

ಗಂಜಿನಲ್ಲಿ ಒಳ್ಳೆಯ ವಹಿವಾಟನ್ನು ಹೊಂದಿದ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಕಮಲಾಪುರದ ಕಡೆಗೆ ಅವನಿಗೆ ಹಿರಿಯರಿಂದ ಬಂದ ನಾಲ್ಕೆಕರೆ ನೀರಾವರಿ ಭೂಮಿಯಿದೆ. ಅಂಗಡಿ ಅವನಿಗೆ ಹೊಲಕ್ಕಿಂತ ಹಲವು ಪಾಲು ಹೆಚ್ಚು ಆದಾಯವನ್ನು ಕೊಡುತ್ತದೆ. ಆದರೆ ಬೆಳಗಿನ ಲಿಂಗಪೂಜೆಯ ವೇಳೆಯಲ್ಲಿ ಅವನ ಕೈ ಇಷ್ಟಲಿಂಗದ ಮೇಲಿದ್ದರೆ ಕಿವಿ ದರವಾರ್ತೆಯ ಮೇಲಿರುತ್ತದೆ. ತೂಕದಲ್ಲಿ ತಪ್ಪಾದುದನ್ನು ಕಂಡರೂ ಪಾಲುಗಾರರ ಮುಖ ನೋಡಿ ಬಾಯಿ ಮುಚ್ಚಬೇಕಾಗುತ್ತದೆ. ಹೆಂಡತಿಯೊಡನೆ ಉಂಡು ಎಷ್ಟು ದಿನವಾಯಿತೆಂಬುದು ಅವನಿಗೆ ನೆನಪಿಲ್ಲ. ಒಂದು ದಿನ ಅವನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊಲಕ್ಕೆ ಹೋಗುವೆನೆಂದರೆ ಬಂಧುಗಳು ಏನೆಂದಾರು? ಕೆಲವರು ಹುಚ್ಚೆಂದಾರು, ಕೆಲವರು ವೈರಾಗ್ಯವೆಂದು ಕೈಮುಗಿದಾರು. ಎರಡೂ ಆತುರದ ಮಾತುಗಳು. ಅವನು ಬಿಡುತ್ತಿರುವುದೇನು, ಹಿಡಿಯುತ್ತಿರುವುದೇನು ಎಂಬುದನ್ನು ವಿಚಾರಿಸದೆ ಹೊಗಳುವುದೂ ತೆಗಳುವುದೂ ಸಲ್ಲದು.

ಈ ವಿಚಾರಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಮನೆಗಿಂತ ಉತ್ತಮವಾದ ಪಾಠಶಾಲೆ ಮತ್ತೊಂದಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಕಾಯಕಕ್ಕೆ ಕೈಲಾಸದ ಪದವಿಯನ್ನು ಕೊಟ್ಟ ಪ್ರಸಿದ್ಧ ಮಾತು ಈ ಮಾರಯ್ಯನ ವಚನದ್ದೇ. ಅಂಥವನೂ ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದು ತರಲಿಲ್ಲ, ಬೇಡಿ ತರಲಿಲ್ಲ; ಬಿದ್ದಿದ್ದಿತು, ಆಯ್ದನು. ಲೋಕದ ಲೆಕ್ಕದಲ್ಲಿ ಅದು ಅದೃಷ್ಟ. ಆದರೆ ಲಕ್ಕಮ್ಮ ಗಂಟನ್ನು ನೋಡಿದೊಡನೆ ಗುರುತಿಸಿದಳು. ಬೇಕಾದುದಕ್ಕಿಂತ ಮಿಗಿಲಾದುದು ಕಾಯಕದಿಂದ ಬಂದುದಲ್ಲ, ಆಸೆಯಿಂದ ಬಂದುದು ಎಂದು ತಿಳಿಸಿ, ಹೆಚ್ಚಾದುದನ್ನು ಇದ್ದೆಡೆಯಲ್ಲೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು.

ಒಂದು ಹಿಡಿ ಅಕ್ಕಿಗೆ ಇಷ್ಟು ಕಾಠಿಣ್ಯವೇಕೆಂದು ಕೇಳಬಹುದು. ಅಕ್ಕಿ ಒಂದು ಹಿಡಿಯಾದರೂ ಅದರ ಹಿಂದೆ ಬರುವ ಪರಿವಾರವು ದೊಡ್ಡದು. ಇಂದು ಮಿಕ್ಕಿದ ಅಕ್ಕಿಗೆ ನಾಳೆ ಮಡಕೆ ಬೇಕು. ಮಡಕೆಗೆ ಮೂಲೆ ಬೇಕು. ಮೂಲೆಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗಕ್ಕೆ ಕಾವಲು ಬೇಕು. ಕಾವಲಿರುವ ಮನೆಗೆ ಜಂಗಮನು ಬಂದರೆ ಮೊದಲು ಹುಟ್ಟುವುದು ಭಕ್ತಿಯಲ್ಲ, ಸಂದೇಹ. ಲಕ್ಕಮ್ಮ ಕಂಡದ್ದು ಈ ಸರಪಣಿಯ ಮೊದಲ ಕೊಂಡಿಯನ್ನು. ಅವಳು ಹಿಂದಿರುಗಿಸಿದುದು ಅಕ್ಕಿಯನ್ನು, ಉಳಿಸಿಕೊಂಡುದು ಬೀಗವಿಲ್ಲದ ಬಾಗಿಲನ್ನು. ಬಡತನವು ಕೈಯಲ್ಲಿಲ್ಲ, ಮನದಲ್ಲಿದೆ ಎಂಬ ಅವಳ ನಿಲುವು ಬಡವರನ್ನು ಸಮಾಧಾನಪಡಿಸಲು ಆಡಿದ ಮಾತಲ್ಲ; ತನ್ನ ಸ್ವಾತಂತ್ರ್ಯವನ್ನು ಕಾಯ್ದುಕೊಂಡ ಗೃಹಿಣಿಯ ಅನುಭವದ ನುಡಿ.

ಅದೇ ಮನೆಯ ಇನ್ನೊಂದು ಪ್ರಸಂಗವನ್ನೂ ಮರೆಯಬಾರದು. ಮಾರಯ್ಯನು ಶರಣರೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕವನ್ನು ಮರೆತು ಕುಳಿತಾಗ, ಕೆಲಸ ನಿಂತುಹೋಯಿತೆಂದು ಎಚ್ಚರಿಸಿ ಅವನನ್ನು ಎಬ್ಬಿಸಿದವಳೂ ಲಕ್ಕಮ್ಮನೇ. ಹೆಚ್ಚು ತಂದಾಗ ತಡೆದವಳು, ತಾರದೆ ಕುಳಿತಾಗಲೂ ಬಿಡಲಿಲ್ಲ. ಆದುದರಿಂದ ಸರಳ ಜೀವನವೆಂದರೆ ಕೆಲಸದಿಂದ ತಪ್ಪಿಸಿಕೊಳ್ಳುವ ಜೀವನವಲ್ಲ. ಬಿಡುವು ಬೇಕೆಂದು ವ್ಯಾಪಾರವನ್ನು ಬಿಟ್ಟು ಹೊಲಕ್ಕೆ ಬಂದವನು, ಹೊಲವನ್ನು ಆಳುಗಳಿಗೊಪ್ಪಿಸಿ ಕಟ್ಟೆಯ ಮೇಲೆ ಕುಳಿತರೆ ಅವನು ದಾರಿಯನ್ನು ಬದಲಿಸಿದನೇ ಹೊರತು ಬಾಳನ್ನು ಬದಲಿಸಲಿಲ್ಲ. ಶರಣರ ಸ್ವಾತಂತ್ರ್ಯವು ಕಾಯಕದಿಂದ ಬಿಡುಗಡೆಯಲ್ಲ, ಕಾಯಕದಲ್ಲಿ ಬಿಡುಗಡೆ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಬಡವರದು. ಕಲಬುರಗಿಯ ಕಪ್ಪು ನೆಲದಲ್ಲಿ ಮಳೆಯನ್ನೇ ನಂಬಿ ತೊಗರಿ ಬಿತ್ತುವ ಒಕ್ಕಲಿಗನಿದ್ದಾನೆ. ಮಳೆ ತಪ್ಪಿದರೆ ಬೆಳೆಯಿಲ್ಲ. ಮಳೆ ಮಿಕ್ಕರೆ ಬೇರು ಕೊಳೆಯುತ್ತದೆ. ಎರಡನ್ನೂ ದಾಟಿದರೆ ನೆಟೆ ರೋಗವಿದೆ. ಎಲ್ಲವೂ ಕೈಕೊಟ್ಟಾಗ ಈ ಸೀಮೆಯ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಅವರ ಮುಂದೆ ಸರಳ ಜೀವನದ ಹಿರಿಮೆಯನ್ನು ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಆಯ್ಕೆಯಿದ್ದು ಬಿಟ್ಟುದು ತ್ಯಾಗ. ಆಯ್ಕೆಯಿಲ್ಲದೆ ಇಲ್ಲವಾದುದು ದಾರಿದ್ರ್ಯ. ಸಾಕೆನ್ನಲು ಮೊದಲು ಸಾಕಷ್ಟಿರಬೇಕು. ಆದುದರಿಂದ ಈ ಉಪದೇಶವು ಉಳ್ಳವನಿಗೆ ಸಲ್ಲುವುದು; ಇಲ್ಲದವನಿಗೆ ಸಲ್ಲುವುದು ದಾಸೋಹ. ಉಳ್ಳವನು ಹೆಚ್ಚಾದುದನ್ನು ಇದ್ದೆಡೆಯಲ್ಲಿ ಬಿಟ್ಟಾಗಲೇ ಮತ್ತೊಬ್ಬನು ಬಂದು ಅದನ್ನು ಆಯ್ದುಕೊಳ್ಳಬಲ್ಲನೆಂಬುದೂ ಲಕ್ಕಮ್ಮನ ಕಥೆಯಲ್ಲಿಯೇ ಅಡಗಿದೆ.

ಎರಡನೆಯ ಆಕ್ಷೇಪವು ದಾಸೋಹದ್ದೇ. ಗಳಿಕೆ ಕಡಿಮೆಯಾದರೆ ದಾಸೋಹವೂ ಕಡಿಮೆಯಾಗದೆ? ಹೆಚ್ಚು ಗಳಿಸಿ ಹೆಚ್ಚು ನೀಡುವುದು ಮೇಲಲ್ಲವೆ? ಈ ಪ್ರಶ್ನೆಯನ್ನು ಲಘುವಾಗಿ ಕಾಣಬಾರದು. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅಧಿಕಾರವನ್ನು ಬಿಟ್ಟು ಕಾಡಿಗೆ ಹೋಗಲಿಲ್ಲ. ಭಂಡಾರದ ಕೀಲಿಕೈ ಅವರ ಸೊಂಟದಲ್ಲಿದ್ದಿತು, ಮನದಲ್ಲಿರಲಿಲ್ಲ. ಹೀಗೆ ಇರಬಲ್ಲವನು ಗಂಜಿನಲ್ಲಿಯೇ ಇದ್ದು ಶರಣನಾಗಬಹುದು. ಆದರೆ ನೀಡುವುದಕ್ಕಾಗಿಯೇ ಗಳಿಸುತ್ತೇನೆಂಬ ಮಾತು ಎಷ್ಟು ಸುಲಭವೋ ಅಷ್ಟೇ ಅಪಾಯಕರ. ನಾಳೆ ನೀಡುವೆನೆಂಬವನ ನಾಳೆ ಬರುವುದು ಅಪರೂಪ. ಕಲಬುರಗಿಯ ಜನಕ್ಕೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಒಕ್ಕಲುತನದವರು. ಹೊಲಕ್ಕೆರಗಿದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಅವರು ಬೆಳೆ ಮನೆಗೆ ಬಂದ ಮೇಲೆ ನೀಡಲು ಕಾಯಲಿಲ್ಲ, ಹೊಲದಲ್ಲಿರುವಾಗಲೇ ನೀಡಿದರು. ಹುಟ್ಟೂರನ್ನು ಬಿಟ್ಟು ಕಲಬುರಗಿಗೆ ಬಂದ ಅವರು ಹಚ್ಚಿದ ದಾಸೋಹದ ಒಲೆ ಇನ್ನೂ ಆರಿಲ್ಲ. ಅದೇ ಊರಿನ ಕೋಟೆಯಲ್ಲಿ 1347ರಿಂದ ಆಳಿದ ಬಹಮನಿ ಸುಲ್ತಾನರ ರಾಜಧಾನಿಯು ನೂರು ವರ್ಷ ತುಂಬುವುದರೊಳಗೆ ಬೀದರಕ್ಕೆ ಹೊರಟುಹೋಯಿತು. ದಾಸೋಹದ ಶಕ್ತಿ ರಾಶಿಯ ಎತ್ತರದಲ್ಲಿಲ್ಲ, ನೀಡುವವನ ನಿರ್ಭಯದಲ್ಲಿದೆ.

ಮೂರನೆಯ ಆಕ್ಷೇಪವೇ ಅತ್ಯಂತ ಗಹನವಾದುದು. ಗೃಹಸ್ಥನು ಒಂಟಿಯಲ್ಲ. ಅವನು ಬಿಡುವ ಸುಖದಲ್ಲಿ ಹೆಂಡತಿಯ ಪಾಲಿದೆ, ಮಕ್ಕಳ ಪಾಲಿದೆ. ತನ್ನ ಸ್ವಾತಂತ್ರ್ಯಕ್ಕಾಗಿ ಅವರ ಮೇಲೆ ಕೊರತೆಯನ್ನು ಹೇರುವ ಹಕ್ಕು ಅವನಿಗುಂಟೆ? ಇಲ್ಲವೆಂದೇ ಹೇಳಬೇಕು. ಶರಣರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕ ಹಿಡಿದನೆಂಬುದು ಪ್ರತೀತಿ. ಬಸವಣ್ಣನವರು ಗುಪ್ತವಾಗಿ ಮನೆಯಲ್ಲಿಟ್ಟು ಹೋದ ಹೊನ್ನನ್ನೂ ತನ್ನದೆಂದು ಭಾವಿಸದೆ ಜಂಗಮರಿಗೆ ಹಂಚಿದನೆನ್ನುತ್ತಾರೆ. ಈ ಕಥೆಯಲ್ಲಿ ಅರಸನ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಅವನ ಸತಿ ಮಹಾದೇವಿ ಅವನ ಹಿಂದೆ ಎಳೆದು ತಂದವಳಲ್ಲ, ಸ್ವತಃ ವಚನಕಾರ್ತಿ, ಅರಿವಿನಲ್ಲಿ ಪತಿಯನ್ನು ತಿದ್ದಬಲ್ಲವಳು ಎಂಬುದನ್ನು ಗಮನಿಸುವವರು ಕಡಿಮೆ. ಲಕ್ಕಮ್ಮನ ಮನೆಯಲ್ಲಂತೂ ಸಾಕೆಂದವಳೇ ಅವಳು. ಅಕ್ಕಿಯನ್ನು ಅಳೆದು ಅಟ್ಟು ಬಡಿಸುವವಳಿಗೆ ಮನೆಯ ಅಗತ್ಯದ ಅಳತೆ ಗೊತ್ತಿರುವಷ್ಟು ತರುವವನಿಗೆ ಗೊತ್ತಿರುವುದಿಲ್ಲ. ಆದುದರಿಂದ ಸತಿಪತಿಗಳು ಕೂಡಿ ಒಪ್ಪದ ಸರಳತೆ ಸರಳತೆಯಲ್ಲ; ಒಬ್ಬರ ಸ್ವಾತಂತ್ರ್ಯಕ್ಕೆ ಇನ್ನೊಬ್ಬರು ತೆರುವ ಸುಂಕ.

ಹೀಗಿರುವಲ್ಲಿ, ಗಂಜನ್ನು ಬಿಡಬೇಕೆಂದಿರುವ ಆ ಗೃಹಸ್ಥನು ಹೊರಡುವ ಮುನ್ನ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಬಿಡುವುದು ಕಷ್ಟಕ್ಕೆ ಅಂಜಿಯೋ, ಬಂಧನವನ್ನು ಅರಿತೋ? ಹೊಸ ಬಾಳಿನಲ್ಲಿ ಕೈಗೆ ಕಾಯಕವಿದೆಯೋ, ಬರಿಯ ಬಿಡುವಿದೆಯೋ? ಮನೆಯವರೆಲ್ಲರೂ ಕುಳಿತು ಒಪ್ಪಿದ ಅಳತೆಯೋ, ತಾನೊಬ್ಬನೇ ಗೀಚಿದ ಗೆರೆಯೋ? ಬಾಗಿಲಿಗೆ ಬಂದವನಿಗೆ ಆ ಸಣ್ಣ ಗಳಿಕೆಯಲ್ಲೂ ಒಂದು ತುತ್ತು ಮೀಸಲಿದೆಯೋ? ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರ ದೊರೆತರೆ ಅವನು ಹೋಗಲಿ. ದೊರೆಯದಿದ್ದರೆ ಗಂಜಿನಲ್ಲಿಯೇ ಇದ್ದು ತಕ್ಕಡಿಯನ್ನು ನೇರಗೊಳಿಸಲಿ. ಅದೂ ಸಣ್ಣ ಸಾಧನೆಯಲ್ಲ.

ಹೋದವನು ಬೆಲೆಯನ್ನು ತೆರಬೇಕಾಗುತ್ತದೆ ಎಂಬುದನ್ನೂ ಮರೆಮಾಚಬಾರದು. ತಮ್ಮನು ಮಹಡಿಯ ಮನೆ ಕಟ್ಟುವಾಗ ಅಣ್ಣನು ಸೋರುವ ಮಾಡಿಗೆ ಹೆಂಚು ಹೊದಿಸುತ್ತಿರುತ್ತಾನೆ. ಮದುವೆಯ ಚಪ್ಪರದಲ್ಲಿ ಅವನಿಗೆ ಹಿಂದಿನ ಸಾಲಿನಲ್ಲಿ ಜಾಗ ದೊರೆಯಬಹುದು. ಕಮಲಾಪುರದ ಕೆಂಪು ಬಾಳೆ ಇತರ ಬಾಳೆಗಳಿಗಿಂತ ಹೆಚ್ಚು ಕಾಲವನ್ನೂ ಹೆಚ್ಚು ಆರೈಕೆಯನ್ನೂ ಬೇಡುತ್ತದೆ. ಬೇಗ ಹಣ ಕೊಡುವ ಬೇರೆ ಬೆಳೆಗಳನ್ನು ನೆರೆಯವರು ಹಾಕಿದಾಗ ಕಾಯುವವನ ಮನಸ್ಸು ಅಲುಗುತ್ತದೆ. ಅಂಥ ದಿನಗಳಲ್ಲಿ ಪೇಟೆಯ ನೆನಪು ಮರಳಿ ಬರುವುದು ಸಹಜ. ಆದರೆ ಅದೇ ದಿನಗಳಲ್ಲಿ ಬೆಳಗಿನ ಲಿಂಗಪೂಜೆಗೆ ಕಣ್ಣು, ಕಿವಿ, ಕೈ ಮೂರೂ ಕೂಡಿ ಬರುತ್ತವೆ. ತಪ್ಪನ್ನು ತಪ್ಪೆನ್ನಲು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಉಣ್ಣುವಾಗ ಹೆಂಡತಿಮಕ್ಕಳ ಮುಖ ಕಾಣುತ್ತದೆ. ಯಾವ ಸ್ವಾತಂತ್ರ್ಯಕ್ಕಾಗಿ ಮೊದಲು ಧನವನ್ನು ಅರಸಿದನೋ ಆ ಸ್ವಾತಂತ್ರ್ಯವು ಧನದ ಹಾದಿಯಲ್ಲಿ ಅಲ್ಲ, ಅದನ್ನು ಅಳತೆಗೆ ತಂದ ಹಾದಿಯಲ್ಲಿ ಎದುರಾಗುತ್ತದೆ.

ಕನ್ನಡದಲ್ಲಿ ಸಾಕು ಎಂಬ ಮಾತಿಗೆ ಎರಡು ಅರ್ಥಗಳಿವೆ. ತೃಪ್ತನಾದವನು ಸಾಕು ಎನ್ನುತ್ತಾನೆ. ಮಕ್ಕಳನ್ನು, ದನಕರುಗಳನ್ನು ಪ್ರೀತಿಯಿಂದ ಪಾಲಿಸುವುದನ್ನೂ ಸಾಕುವುದು ಎನ್ನುತ್ತಾರೆ. ತನಗೆ ಸಾಕೆನ್ನಬಲ್ಲವನೇ ಪರರನ್ನು ಸಾಕಬಲ್ಲನು. ಸದ್ಭಕ್ತರು ಪ್ರತಿನಿತ್ಯ ಮನೆಗೆ ತರುವ ಗಂಟನ್ನು ಲಕ್ಕಮ್ಮನ ಕಣ್ಣಿನಿಂದ ಒಮ್ಮೆ ನೋಡುವುದನ್ನು ರೂಢಿಸಿಕೊಳ್ಳಲಿ. ಅದರಲ್ಲಿ ಕಾಯಕದ ಪಾಲೆಷ್ಟು, ಆಸೆಯ ಪಾಲೆಷ್ಟು ಎಂಬುದು ತಿಳಿದ ದಿನ, ಹಿಂದಿರುಗಿಸಬೇಕಾದುದನ್ನು ಹಿಂದಿರುಗಿಸುವ ಬಲವೂ ಆ ಅರಿವಿನಿಂದಲೇ ಬರುವುದು.